ದುಡಿದವರ ಹಾಡು



ಕಾರ್ಮಿಕರ ದಿನದ ಆರಾಧನೆಯಲ್ಲಿ ಕೂಲಿಯವರ ಹಾಡು ಹಾಡಬಹುದೇ? ಕೀರ್ತನೆ ಸಾಕು, ತಮಟೆ ದೇವಾಲಯದ ಹೊರಗಿರಲಿ ಎಂದು ನಮ್ಮ ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಅವರ ಭಕ್ತಿಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೂ ಒಂದು ಸೀಮೆಯ ಸಂಗತಿ ಕೇಳಿ, ಆಮೇಲೆ ತೀರ್ಮಾನಿಸೋಣ.

ಆ ಸೀಮೆ ಆದವಾನಿ. ತೆಲುಗರು ಆದೋನಿ ಎನ್ನುತ್ತಾರೆ. ಹತ್ತಿಯ ಊರು. ಇಂದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿದೆ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ ಕನ್ನಡವೂ ಉಂಟು, ತೆಲುಗೂ ಉಂಟು. 1876ರಿಂದ 1878ರವರೆಗಿನ ಘೋರ ಬರ, ಧಾತು ಸಂವತ್ಸರದಲ್ಲಿ ಮೊದಲಾದ ಬರ, ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಬರಿದು ಮಾಡಿತು. ಹಸಿದವರು ಸರ್ಕಾರದ ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು, ಮಣ್ಣು ಹೊತ್ತರು. ಖರ್ಚು ಉಳಿಸಬೇಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆ ಎಂದು ಗೊತ್ತುಮಾಡಿದನು. ಕಲ್ಲು ಮಾತ್ರ ಹಗುರಾಗಲಿಲ್ಲ. ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಯ ಲೆಕ್ಕವನ್ನು ಹಾಗೆಯೇ ಇಟ್ಟದ್ದು ನಮಗೆ ನೆನಪಾಗುತ್ತದೆ.

ಇಷ್ಟು ತಿಂದು ದುಡಿಯುವವನು ಬದುಕಲಾರನೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ಬೊಂಬಾಯಿ ಪ್ರಾಂತದಲ್ಲಿ ಕೂಲಿಗಳು ಕೆಲಸ ಬಿಟ್ಟು ಎದ್ದರು. ಅದೇ ವರ್ಷ ಮದ್ರಾಸು ಸರ್ಕಾರ ಪಡಿಯನ್ನು ಏರಿಸಬೇಕಾಯಿತು. ಟೆಂಪಲ್, ಕಾರ್ನಿಷ್ ಇಬ್ಬರ ಹೆಸರೂ ಪುಸ್ತಕದಲ್ಲಿದೆ. ಕಲ್ಲು ಒಡೆದವರ ಹೆಸರು ಎಲ್ಲಿದೆ?

ಆದುದರಿಂದಲೇ ಹಾಡು ಬೇಕು. ಆ ಕಡೆಯವರಿಗೆ ಬುರ್ರಕಥೆ ಗೊತ್ತು. ನಡುವೆ ನಿಂತವನು ತಂಬೂರಿ ಹಿಡಿದು ಕಥೆ ಹೇಳುತ್ತಾನೆ. ಎರಡು ಪಕ್ಕದವರು ವಾದ್ಯ ಬಾರಿಸುತ್ತಾರೆ. ಅವರಲ್ಲಿ ಒಬ್ಬನು ನಗಿಸುತ್ತಾನೆ. ಇನ್ನೊಬ್ಬನು ನಾಡಿನ ಈಗಿನ ಸಂಗತಿ ಎತ್ತಿ ಪ್ರಶ್ನೆ ಹಾಕುತ್ತಾನೆ. 1943ರಲ್ಲಿ ಹುಟ್ಟಿದ ಪ್ರಜಾ ನಾಟ್ಯ ಮಂಡಲಿಯ ಶೇಖ್ ನಾಜರ್ ಈ ಕಲೆಯಲ್ಲಿ ಬಡವರ ಕಷ್ಟವನ್ನು ಹಾಡಿದರು. ಹೈದರಾಬಾದಿನ ನಿಜಾಮ ಸರ್ಕಾರ ಹೆದರಿ ಬುರ್ರಕಥೆಯನ್ನೇ ನಿಷೇಧಿಸಿತು. ಆದವಾನಿಯ ಪಡುವಣಕ್ಕೆ, ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ, ಓದುಬರಹ ಕಲಿಯದ ಈರಮ್ಮ 12 ಕಾವ್ಯಗಳನ್ನು ಬಾಯಲ್ಲಿಯೇ ಕಾಪಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು.

ಇನ್ನು ದೇವಾಲಯದ ಮಾತು. ಇಟ್ಟಿಗೆ ಹೊತ್ತ ಜನ ಸಮುದ್ರ ದಾಟಿದಾಗ ಮಿರ್ಯಾಮಳು ದಮ್ಮಡಿಯನ್ನೇ ಕೈಗೆ ತೆಗೆದುಕೊಂಡಳು. ಅಮೆರಿಕದ ಚಾರ್ಲ್‌ಸ್ಟನ್ ಪಟ್ಟಣದಲ್ಲಿ 1945ರಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕಪ್ಪು ಹೆಂಗಸರು ತಮ್ಮ ಸಭೆಯ ಕೀರ್ತನೆಯನ್ನೇ ಹೊರಗೆ ತಂದು ಹಾಡಿದರು. ಇಂದು ಲೋಕವೆಲ್ಲ ಅದನ್ನು ಹಾಡುತ್ತದೆ. ಕೀರ್ತನೆ ಬೀದಿಗೆ ಹೋಗಬಹುದಾದರೆ, ಬೆವರಿನ ಹಾಡು ಆರಾಧನೆಗೆ ಬರಬಾರದೇ?

ನಾವು ಒಂದು ಕೆಲಸ ಮಾಡೋಣ. ಚೆಕ್‌ರೋಲಿನಲ್ಲಿ ನಮ್ಮ ಹಾಜರಿ ಉಂಟು, ನಮ್ಮ ಬಾಳು ಇಲ್ಲ. ಲೈನುಮನೆಯ ಅಜ್ಜಿಯರ ಬಳಿ ಕುಳಿತು, ಯಾವ ಊರಿನಿಂದ ಬಂದಿರಿ, ಆಗ ಕೂಲಿ ಎಷ್ಟಿತ್ತು, ಏನು ಹಾಡುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳೋಣ. ಮುಂದಿನ ಕೂಟದಲ್ಲಿ ಮೂವರು ಮಕ್ಕಳು ಅದನ್ನು ಕಥೆ ಮಾಡಿ ಹೇಳಲಿ. ಅವರಲ್ಲಿ ಒಬ್ಬರಾದರೂ ಪ್ರಶ್ನೆ ಕೇಳಲಿ. ಹಿರಿಯರೇ ಕೀರ್ತನೆಯಿಂದ ಕೂಟವನ್ನು ಆರಂಭಿಸಲಿ.

ದೇವರು ನಮ್ಮ ಕೈಗಳ ಕೆಲಸವನ್ನೂ ಬಾಯಿಯ ಹಾಡನ್ನೂ ಆಶೀರ್ವದಿಸಲಿ. ಆಮೆನ್.