ಹತ್ತಿಯೋ ಹಕ್ಕಿಯೋ

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನೊಂದು ಸಣ್ಣ ಕಾರನ್ನು ಕೊಂಡೆ. ನನಗಿಂತ ಮೊದಲು ಇಬ್ಬರು ಯಜಮಾನರನ್ನು ಕಂಡಿದ್ದ ಕಾರು. ನನ್ನ ಮನೆ ಹುಣಸೂರಿನಲ್ಲಿ. ಅಕ್ಕ ಎಚ್.ಡಿ. ಕೋಟೆಯಲ್ಲಿ, ತಮ್ಮ ಪಿರಿಯಾಪಟ್ಟಣದಲ್ಲಿ, ತಂಗಿ ಕೆ.ಆರ್. ನಗರದಲ್ಲಿ. ಮಕ್ಕಳ ಮನೆಗಳನ್ನು ಸುತ್ತಿ ಬರುವುದೇ ಎಂಬತ್ತನಾಲ್ಕರ ಅವ್ವನಿಗೆ ತೀರ್ಥಯಾತ್ರೆ. ದಾರಿಯುದ್ದಕ್ಕೂ ಮೈಸೂರು ಆಕಾಶವಾಣಿ ಅವಳ ಜೊತೆಗಾತಿ.

ಕಾರಿನೊಡನೆಯೇ ಬಂದಿದ್ದ ಸ್ಟೀರಿಯೊ ಮಾತ್ರ ಧ್ವನಿ ಹೆಚ್ಚಿಸಿದಷ್ಟೂ ಮಾತನ್ನು ನುಂಗುತ್ತಿತ್ತು. ಒಂದು ದಿನ ಕೋಟೆಯ ದಾರಿಯಲ್ಲಿ ಹೋಗುತ್ತಿದ್ದಾಗ ರೇಡಿಯೊದಲ್ಲಿ ಹತ್ತಿಯ ಧಾರಣೆ ಹೇಳುತ್ತಿದ್ದರು. ಅವ್ವ, "ಹಕ್ಕಿಗೂ ರೇಟು ಕಟ್ಬುಟ್ರೇನ್ಲಾ?" ಎಂದಳು. ಹಿಂದಿನ ಸೀಟಿನಲ್ಲಿದ್ದ ಮೊಮ್ಮಕ್ಕಳು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ. ಅಂದಿನಿಂದ ಕಾರಿನಲ್ಲಿ ಕುಳಿತರೆ ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಸುಮ್ಮನಾಗಿಬಿಡುತ್ತಿದ್ದಳು. ಕ್ರಮೇಣ ಮನೆಯಲ್ಲಿಯೂ ಮಾತು ಕಡಿಮೆಯಾಯಿತು.

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅವಳನ್ನು ಕರೆದೊಯ್ದೆ. ಅಲ್ಲಿ ನನಗೆ ತಿಳಿದ ವಿಷಯವಿದು: ವಯಸ್ಸಿನೊಡನೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಯ ಸೂಕ್ಷ್ಮ ಸದ್ದುಗಳನ್ನು. ಸ್ವರಗಳು ದಪ್ಪ ಸದ್ದಿನವು, ಅವು ಕೇಳಿಸುತ್ತವೆ. ತಕಾರ, ಕಕಾರ, ಸಕಾರಗಳಂಥ ವ್ಯಂಜನಗಳು ಕ್ಷೀಣ, ಅವು ಜಾರಿಹೋಗುತ್ತವೆ. ವ್ಯಂಜನಕ್ಕೆ ಸ್ವರದ ಆಸರೆ ಬೇಕೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆದರೆ ಹತ್ತಿಯನ್ನೂ ಹಕ್ಕಿಯನ್ನೂ ಬೇರೆ ಮಾಡುವುದು ವ್ಯಂಜನವೇ ಹೊರತು ಸ್ವರವಲ್ಲ ಎಂಬುದು ಆ ದಿನ ಮನಸ್ಸಿಗೆ ತಟ್ಟಿತು. ಕೇಶಿರಾಜನು ಶಬ್ದ ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿದ್ದಾನೆ. ಕಹಳೆ ಸರಿಯಾಗಿಯೇ ಊದಿದರೂ ಕೇಳುವ ಕಡೆ ಕೆಟ್ಟರೆ ಗತಿಯೇನು? ಅವ್ವನ ಕಿವಿಯ ದೋಷ ಅರ್ಧ. ಉಳಿದರ್ಧ ನನ್ನ ಕಾರಿನದು.

ಶ್ರವಣಯಂತ್ರಕ್ಕೆ ಅಳತೆ ಕೊಟ್ಟು ಬಂದೆವು. ಕಾರಿಗೆಂದು ನನ್ನಲ್ಲಿ ಉಳಿದದ್ದು ನಾಲ್ಕು ಸಾವಿರ ರೂಪಾಯಿ. ಹುಣಸೂರಿನ ಅಂಗಡಿಯೊಂದರ ಹುಡುಗ, "ವ್ಯಾಟು ಜಾಸ್ತಿ ಇರೋದು ಹಾಕಿಸ್ಕೊಳ್ಳಿ ಮೇಷ್ಟ್ರೇ, ಊರಿಗೆಲ್ಲಾ ಕೇಳುತ್ತೆ" ಎಂದ. "ಊರಿಗೆ ಬೇಡಪ್ಪ, ನಮ್ಮವ್ವನಿಗೆ ಕೇಳಿದರೆ ಸಾಕು" ಎಂದೆ.

1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ಮೂವತ್ತು ವ್ಯಾಟ್. ಪ್ರೇಷಕದ ವ್ಯಾಟೇ ಬೇರೆ, ಸ್ಪೀಕರಿನ ವ್ಯಾಟೇ ಬೇರೆ, ನಿಜ. ಆದರೂ ದೊಡ್ಡ ಅಂಕಿಗೆ ಮರುಳಾಗಬಾರದೆಂಬ ಪಾಠ ಅಲ್ಲಿದೆ. ಸ್ಟೀರಿಯೊದ ಡಬ್ಬಿಯ ಮೇಲೆ ಐವತ್ತು ವ್ಯಾಟ್ ಎಂದು ಬರೆದಿದ್ದರೂ ಕಾರಿನ ಬ್ಯಾಟರಿಯಿಂದ ಅದು ಒಂದೊಂದು ಸ್ಪೀಕರಿಗೆ ನಿರಂತರವಾಗಿ ಕೊಡಬಲ್ಲದ್ದು ಸುಮಾರು ಹದಿನೈದರಿಂದ ಇಪ್ಪತ್ತು. ಅದನ್ನು ಇಮ್ಮಡಿಸಿದರೂ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಅಷ್ಟೇ ಶಕ್ತಿಗೆ 3 ಡೆಸಿಬೆಲ್ ಹೆಚ್ಚು ನುಡಿಯುವ ಸ್ಪೀಕರನ್ನು ಆರಿಸಿಕೊಂಡರೆ ಅದೇ ಫಲ ಪುಕ್ಕಟೆಯಾಗಿ ಸಿಗುತ್ತದೆ.

ಆದುದರಿಂದ ಸ್ಟೀರಿಯೊವನ್ನು ಹಾಗೆಯೇ ಉಳಿಸಿಕೊಂಡೆವು. ಬಾಗಿಲು ಬಿಚ್ಚಿ ನೋಡಿದರೆ, ಎಷ್ಟೋ ಮಳೆಗಾಲಗಳ ತೇವಕ್ಕೆ ಸ್ಪೀಕರಿನ ಕಾಗದದ ಶಂಕು ಹಪ್ಪಳದಂತೆ ಮುದುರಿತ್ತು. ಅದು ಇದ್ದದ್ದೂ ಕಾಲಿನ ಬಳಿ. ಎತ್ತರದ ಶ್ರುತಿ ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುವಂಥದು; ಅಷ್ಟು ದಿನವೂ ವ್ಯಂಜನಗಳನ್ನು ಕೇಳಿದ್ದು ಅವ್ವನ ಮೊಣಕಾಲು! ಟ್ವೀಟರ್ ಬೇರೆಯಾಗಿರುವ ಒಂದು ಜೊತೆ ಸ್ಪೀಕರಿಗೆ 2,200 ರೂಪಾಯಿ ಆಯಿತು. ಟ್ವೀಟರುಗಳನ್ನು ಕನ್ನಡಿಯ ಮೂಲೆಯಲ್ಲಿ ಕಿವಿಯ ಕಡೆಗೆ ತಿರುಗಿಸಿ ಕೂರಿಸಿದೆವು. ಬಾಗಿಲಿನ ಒಳತಗಡಿನ ರಂಧ್ರಗಳಿಂದ ಶಂಕುವಿನ ಹಿಂಬದಿಯ ಸದ್ದು ನುಸುಳಿ ಬಂದು ಮುಂಬದಿಯ ಸದ್ದನ್ನು ಅಳಿಸುತ್ತಿತ್ತು. 700 ರೂಪಾಯಿಯ ಡಾಂಬರು ಹಾಳೆಯಿಂದ ಅವನ್ನು ಮುಚ್ಚಿದೆವು, ಮಳೆನೀರು ಇಳಿದುಹೋಗುವ ಕೆಳಗಿನ ತೂತುಗಳನ್ನು ಬಿಟ್ಟು. ತಂತಿಗೆ 200, ಹುಡುಗನ ಕೂಲಿಗೆ 500. ಒಂದು ಬದಿಯ ತಂತಿ ಅದಲುಬದಲಾದರೆ ಎರಡು ಸ್ಪೀಕರುಗಳು ಒಂದನ್ನೊಂದು ವಿರೋಧಿಸಿ ಸದ್ದು ಟೊಳ್ಳಾಗುತ್ತದೆ. ಗಡಿಯಾರದ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ, ಎರಡು ಶಂಕುಗಳೂ ಮುಂದಕ್ಕೇ ಚಲಿಸುತ್ತವೆಯೇ ಎಂದು ನೋಡಿಕೊಂಡೆವು. ಕೊನೆಯದಾಗಿ, ಮಂದ್ರದ ಗುಂಡಿಯನ್ನು ತಗ್ಗಿಸಿ ತಾರದ ಗುಂಡಿಯನ್ನು ತುಸು ಏರಿಸಿದೆ. ಅದಕ್ಕೆ ಖರ್ಚಿಲ್ಲ. ಒಟ್ಟು 3,600 ರೂಪಾಯಿ, ನಾನೂರು ಉಳಿಯಿತು.

ಯಂತ್ರ ಕಲಿಸಿದ ಈ ಪಾಠವನ್ನು ಮನೆಗೂ ತಂದೆವು. ಮುದುಕರಿಗೆ ಕೇಳಿಸದಿದ್ದಾಗ ನಾವು ಕೂಗುತ್ತೇವೆ. ಕೂಗಿದಾಗ ಹಿಗ್ಗುವುದು ಸ್ವರ. ವ್ಯಂಜನ ಅಲ್ಲಿಯೇ ಉಳಿಯುತ್ತದೆ. ಕೇಳುವವರಿಗೆ ಅರ್ಥವಾಗುವುದು ನಮ್ಮ ಸಿಡುಕು ಮಾತ್ರ. ಈಗ ಮೊಮ್ಮಕ್ಕಳು ಅಜ್ಜಿಯ ಎದುರಿಗೆ ಬಂದು, ಮುಖ ಕಾಣುವಂತೆ ಕುಳಿತು, ನಿಧಾನವಾಗಿ ಮಾತನಾಡುತ್ತಾರೆ.

ಮೊನ್ನೆ ಮತ್ತೆ ಕೋಟೆಗೆ ಹೊರಟೆವು. ರಸ್ತೆಯ ಎರಡು ಬದಿಗೂ ಹತ್ತಿಯ ಕಾಯಿ ಒಡೆದು ಬೆಳ್ಳಗಾಗಿತ್ತು. ರೇಡಿಯೊದಲ್ಲಿ ಧಾರಣೆ ಬಂತು. ನಾನು ಮಾತನಾಡದೆ ಗಾಡಿ ಓಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಕಿಟಕಿಯಿಂದ ಈ ಕಡೆಗೆ ತಿರುಗಿದಳು.

"ರೇಟೇನೋ ಬಂದದೆ ಕಣ್ಲಾ, ಹತ್ತಿ ಬಿಡಿಸೋಕೆ ಆಳು ಸಿಕ್ತಾರಾ?"

ಕೋಟೆ ತಲಪುವವರೆಗೂ ಅವಳು ಮಾತನಾಡುತ್ತಲೇ ಇದ್ದಳು. ರೇಡಿಯೊವನ್ನು ನಾನೇ ಆರಿಸಿದೆ.