ಹತ್ತೊಂಬತ್ತು ದಿನಗಳ ಪ್ರಶ್ನೆ



ಅರಬ್ ದೇಶಗಳ ಕ್ಷೋಭೆಯ ಬಗ್ಗೆ ಈವರೆಗೆ ಯಾರು ಏನು ಬರೆದಿದ್ದಾರೆ ಎಂದು ಒಪ್ಪಿಸಲು ನಾನು ನಿಂತಿಲ್ಲ. ಈಜಿಪ್ಟಿನ ಪಾಠ ಹೇಳುತ್ತಲೇ ತಲೆ ನೆರೆತ ಗೆಳೆಯರು ಮುಂದಿನ ಸಾಲಿನಲ್ಲಿದ್ದಾರೆ. ತೈಲ ರಾಜಕಾರಣಕ್ಕೆ ಮಧ್ಯಾಹ್ನದ ಗೋಷ್ಠಿಯಿದೆ.

ನನ್ನ ತಕರಾರು ಹಳೆಯದು. ಕೆಲವರಿಗೆ ಕೇಳಿ ಕೇಳಿ ಸಾಕಾಗಿರಲೂಬಹುದು. 2010ರ ಡಿಸೆಂಬರಿನಲ್ಲಿ ಟುನೀಶಿಯಾದಲ್ಲಿ ಹೊತ್ತಿದ್ದನ್ನು ನಾವು ತರಗತಿಯಲ್ಲಿ ದೊರೆಗಳ ಪತನದ ಕಥೆ ಮಾಡಿಬಿಟ್ಟೆವು. ಬೆನ್ ಅಲಿ ಓಡಿದ, ಮುಬಾರಕ್ ಇಳಿದ, ಗಡಾಫಿ ಸತ್ತ. ಆಮೇಲೆ ಅಮೆರಿಕ ಏನೆಂದಿತು, ರಷ್ಯ ಏನೆಂದಿತು. ಆ ಅರಬ್ ದೇಶಗಳಿಗೆ ದುಡಿಯಲು ಹೋದ ನಮ್ಮವರು ನಮ್ಮ ವಿಷಯಕ್ಕೆ ಸೇರಲೇ ಇಲ್ಲ. ಅರ್ಥಶಾಸ್ತ್ರದವರ ಪತ್ರಿಕೆಯಲ್ಲಿ 'ಹಣ ರವಾನೆ' ಎಂಬ ಅಧ್ಯಾಯದೊಳಗೆ ಕುಳಿತರು. ರಾಜ್ಯಶಾಸ್ತ್ರ ಎಡವಿದ್ದು ಅಲ್ಲೇ.

ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಒಬ್ಬ ರೈತರು ನನ್ನ ಕೈಯಲ್ಲಿದ್ದ ಪೇಪರ್ ನೋಡಿ ಕೇಳಿದ್ದರು: "ಗಲ್ಫ್‌ಲಿ ಗಲಾಟ ಅಂತಾರಲ್ಲ ಸಾ, ಓಣಕ್ಕ ನಮ್ಮ ಟಮಾಟ ತಕ್ಕಂಡರಾ?" ಕೊಲ್ಲಿಯ ಸಂಬಳ ಕೇರಳದ ಅಡುಗೆಮನೆಗೆ ಬರುತ್ತದೆ, ಕೇರಳದ ಅಡುಗೆಮನೆಗೆ ಇವರ ಹೊಲದಿಂದ ಲಾರಿ ಹೋಗುತ್ತದೆ. ಇಷ್ಟು ಗೊತ್ತಿರುವವರಿಗೆ ನಮ್ಮ ಪಠ್ಯಪುಸ್ತಕ ಹೊಸದೇನನ್ನೂ ಹೇಳಲಾರದು.

ಸುಡಾನಿನದು ನಮಗೆ ಇನ್ನೂ ಹತ್ತಿರದ ಉದಾಹರಣೆ. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿದಾಗ, ನಾಟಿ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ದೂರದ ಎಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದರು. ಇಲ್ಲಿ ವಿಧಾನಸಭಾ ಚುನಾವಣೆಯ ಕಾಲ. ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲೇ ಮಾತಿಗೆ ಮಾತು ಬೆಳೆಯಿತು. ಸಿಕ್ಕಿಬಿದ್ದವರನ್ನು ಕರೆತರುವ ಕಾರ್ಯಾಚರಣೆಗೆ ಇಟ್ಟ ಹೆಸರು ನಮ್ಮ ಹೊಳೆಯದೇ, 'ಕಾವೇರಿ'. ಪೋರ್ಟ್ ಸುಡಾನಿನಿಂದ ಹಡಗು ಹೊರಟದ್ದು ಸೌದಿಯ ಜೆಡ್ಡಾಕ್ಕೆ. ಸೌದಿ ದೊರೆಗಳ ಜೊತೆ ದೆಹಲಿ ಇಟ್ಟುಕೊಂಡ ನಂಟಿನ ಮೇಲೆ ಹಕ್ಕಿಪಿಕ್ಕಿ ಸಂಸಾರಗಳ ಜೀವ ನಿಂತಿತ್ತು.

ನನ್ನನ್ನು ಬಿಡದೆ ಕಾಡುವುದು ಮಾತ್ರ ಲಿಬಿಯಾ. 2011ರಲ್ಲಿ ಅಲ್ಲಿ ಸುಮಾರು 18 ಸಾವಿರ ಭಾರತೀಯರಿದ್ದರು. ಫೆಬ್ರವರಿ 26ರಂದು ಭದ್ರತಾ ಮಂಡಳಿ ಗಡಾಫಿಯ ಮೇಲೆ ನಿರ್ಬಂಧ ಹೇರಿತು. ಭಾರತ ಪರವಾಗಿ ಕೈ ಎತ್ತಿತು. ನಮ್ಮವರನ್ನು ಕರೆತರುವ ವಿಮಾನಗಳು ಆಗಷ್ಟೇ ಹೊರಡುತ್ತಿದ್ದವು. ಮಾರ್ಚ್ 17ರಂದು ಬಲಪ್ರಯೋಗಕ್ಕೆ ಒಪ್ಪಿಗೆ ಕೊಡುವ 1973ನೇ ನಿರ್ಣಯ ಬಂದಿತು. ಆ ಹೊತ್ತಿಗೆ 15 ಸಾವಿರಕ್ಕೂ ಹೆಚ್ಚು ಜನ ಊರು ಸೇರಿದ್ದರು. ಭಾರತ ತಟಸ್ಥವಾಯಿತು.

ಜನರ ಕ್ಷೇಮವೇ ದೆಹಲಿಯ ಕೈ ಕಟ್ಟುತ್ತದೆ ಎನ್ನುವುದಾದರೆ ಇದು ತಿರುವುಮುರುವಾಗಬೇಕಿತ್ತಲ್ಲ? ಜನ ಅಲ್ಲಿದ್ದಾಗ ಧೈರ್ಯ, ಬಂದ ಮೇಲೆ ಹಿಂಜರಿಕೆ! ನಿರ್ಬಂಧ ಬೇರೆ, ಬಾಂಬು ಬೇರೆ ಎನ್ನುವಿರಿ, ಒಪ್ಪಿದೆ. ಸಾಕಷ್ಟು ಮಾಹಿತಿ ಇರಲಿಲ್ಲ ಎಂದು ದೆಹಲಿ ಹೇಳಿತ್ತು; ಅದೂ ಸರಿಯೇ. ಚೀನಾ, ರಷ್ಯ, ಬ್ರೆಜಿಲ್, ಜರ್ಮನಿಗಳೂ ತಟಸ್ಥವಾಗಿದ್ದವು. ಆದರೂ ಲಿಬಿಯಾದಲ್ಲೇ ಉಳಿದ ನಮ್ಮವರ ಲೆಕ್ಕ ಈ ತೀರ್ಮಾನದಲ್ಲಿ ಎಲ್ಲಿ ಸೇರಿತು? ಲಿಬಿಯಾಕ್ಕೂ ನಮಗೂ ಕೊಂಡಿ ಆಮೇಲೂ ಕಡಿಯಲಿಲ್ಲ: 2015ರ ಜುಲೈನಲ್ಲಿ ಸಿರ್ತ್‌ನ ವಿಶ್ವವಿದ್ಯಾಲಯದ ನಾಲ್ವರು ಭಾರತೀಯರನ್ನು ಅಪಹರಿಸಿದರು. ಬೇಗ ಬಿಡುಗಡೆಯಾದ ಇಬ್ಬರು ಕರ್ನಾಟಕದ ಅಧ್ಯಾಪಕರು, ನಮ್ಮ ವೃತ್ತಿಯವರೇ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಇಂದಿನ ಪ್ರಬಂಧಕಾರರಲ್ಲಿ ಲಿಬಿಯಾ ಎತ್ತಿಕೊಂಡವರಿದ್ದರೆ ಆ ಎರಡು ಮತಗಳ ನಡುವಿನ ಹತ್ತೊಂಬತ್ತು ದಿನಗಳನ್ನು ದಯವಿಟ್ಟು ಬಿಡಿಸಿ ಹೇಳಿ, ಕೊನೆಯ ಸಾಲಿನಲ್ಲಿ ಕುಳಿತು ಕೇಳುತ್ತೇನೆ.