ಮನೆಗೊಪ್ಪುವ ಗಿಳಿ

ಗಿಳಿಯನ್ನು ಸಾಕಬೇಕೆಂಬ ಆಸೆ ನಮ್ಮ ಜನರಲ್ಲಿ ಬಹು ಹಳೆಯದು. ಮೀನಾಕ್ಷಿಯ ಕೈಯಲ್ಲಿ ಗಿಳಿ; ಮನ್ಮಥನಿಗೆ ಗಿಳಿಯೇ ವಾಹನ; ತೊದಲು ನುಡಿಯುವ ಮಗುವನ್ನು ನಾವು ಅರಗಿಣಿಯೆಂದು ಕರೆಯುತ್ತೇವೆ. ಆದುದರಿಂದ ಮಿತ್ರರು ಯಾರಾದರೂ “ಮನೆಗೆ ಯಾವ ಗಿಳಿಯನ್ನು ತರೋಣ?” ಎಂದು ಕೇಳಿದರೆ, ಅವರ ಮನಸ್ಸಿನಲ್ಲಿರುವುದು ನಮ್ಮ ತೋಟಗಳ ಹಸಿರು ಗಿಳಿಯೇ. ಆದರೆ ಅದನ್ನು ತರಕೂಡದು. ಕೊರಳಿಗೆ ಗುಲಾಬಿ ಬಣ್ಣದ ಉಂಗುರವುಳ್ಳ ಸಾಮಾನ್ಯ ಗಿಳಿಗೂ, ರೆಕ್ಕೆಯ ಮೇಲೆ ಕೆಂಪು ಮಚ್ಚೆಯುಳ್ಳ ದೊಡ್ಡ ಗಿಳಿಗೂ, ಕೆಂದಲೆಯ ಗಿಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಸಂತೆಯಲ್ಲಿ ಗುಟ್ಟಾಗಿ ಮಾರುವ ಮರಿಯು ಸಾಮಾನ್ಯವಾಗಿ ಪೊಟರೆಯಿಂದ ಕದ್ದು ತಂದುದು. ಅದನ್ನು ಕೊಳ್ಳುವವನು ಆ ಕಳವಿನಲ್ಲಿ ಪಾಲುದಾರನಾಗುತ್ತಾನೆ.

ಉಳಿದುದು ಹೊರದೇಶಗಳ ಮೂಲದವು, ಗೂಡುಮನೆಗಳಲ್ಲಿಯೇ ಮರಿಯಾಗಿ ಬೆಳೆದವು. ಅವುಗಳಲ್ಲಿ ನಡುಗಾತ್ರದ ಮೂರನ್ನು ಇಲ್ಲಿ ಹೋಲಿಸಿ ನೋಡೋಣ: ಕಾಕಟೀಲ್, ಸನ್ ಕೊನ್ಯೂರ್, ಕ್ವೇಕರ್. ಮೂರೂ ಸುಮಾರು ಒಂದು ಅಡಿ ಉದ್ದ, ಹೆಚ್ಚುಕಡಮೆ ನೂರು ಗ್ರಾಂ ತೂಕ. ಅಂಗಡಿಯ ಪಂಜರದಲ್ಲಿ ಅವುಗಳ ಭೇದ ಬಣ್ಣದ್ದೆಂದೇ ತೋರುತ್ತದೆ. ಸ್ವಭಾವದ ಭೇದವನ್ನು ತಿಳಿಯಬೇಕಾದರೆ ಅವುಗಳ ತವರನ್ನು ನೆನೆಯಬೇಕು.

ಕಾಕಟೀಲ್ ಆಸ್ಟ್ರೇಲಿಯದ ಒಣ ಒಳನಾಡಿನ ಹಕ್ಕಿ. ನೀರನ್ನೂ ಹುಲ್ಲಿನ ಬೀಜವನ್ನೂ ಅರಸುತ್ತ ಹಿಂಡಾಗಿ ಅಲೆಯತಕ್ಕದ್ದು. ಬೂದು ಮೈ, ಕೆನ್ನೆಯಲ್ಲಿ ಕಿತ್ತಳೆಯ ಬೊಟ್ಟು, ತಲೆಯ ಮೇಲೆ ಜುಟ್ಟು. ಅದು ಹೆದರಿದೆಯೋ ಸಂತೋಷದಲ್ಲಿದೆಯೋ ಎಂಬುದನ್ನು ಆ ಜುಟ್ಟೇ ಹೇಳಿಬಿಡುತ್ತದೆ. ಮಾತು ಕಡಮೆ, ಗಂಡುಹಕ್ಕಿ ಸಿಳ್ಳು ಹಾಕುವುದರಲ್ಲಿ ಜಾಣ. ಗರಿಗಳಿಂದ ಬಿಳಿಯ ಪುಡಿ ಉದುರುವುದರಿಂದ ಉಬ್ಬಸವಿರುವ ಮನೆಗೆ ಒಗ್ಗದು.

ಸನ್ ಕೊನ್ಯೂರ್ ದಕ್ಷಿಣ ಅಮೆರಿಕದ ಗಯಾನಾ ಮತ್ತು ಉತ್ತರ ಬ್ರೆಜಿಲಿನದು. ಅರಿಸಿನ, ಕುಂಕುಮ, ಎಲೆಹಸಿರು ಇವೆಲ್ಲ ಒಂದೇ ಮೈಮೇಲೆ. ಈ ಚೆಲುವೇ ಅದಕ್ಕೆ ಮುಳುವಾಗಿ, ಹಿಡಿಯುವವರ ಕಾಟದಿಂದ ಕಾಡಿನಲ್ಲಿ ಅದರ ಸಂತತಿ ಅಳಿವಿನ ಅಂಚಿಗೆ ಬಂದಿದೆ. ಬಯಲಿನಾಚೆಯ ಸಂಗಾತಿಗೆ ಕೇಳಿಸಲೆಂದು ಪ್ರಕೃತಿ ಕೊಟ್ಟ ಕಂಠ ಅದರದು. ನಮ್ಮ ಪರಿಚಯದವರೊಬ್ಬರು ಮೂರನೆಯ ಅಂತಸ್ತಿನ ಮನೆಗೆ ಇದನ್ನು ತಂದರು. ಮೊದಲ ವಾರ ನೆರೆಯ ಮಕ್ಕಳು ನೋಡಲು ಬಂದರು. ಎರಡನೆಯ ತಿಂಗಳು ಆ ಮಕ್ಕಳ ತಂದೆಯರು ದೂರು ಹೇಳಲು ಬಂದರು. ಹಕ್ಕಿ ಮತ್ತೊಬ್ಬರ ಮನೆಗೆ ಹೋಯಿತು. ಹಗಲೆಲ್ಲ ಯಾರೂ ಇಲ್ಲದ ಆ ಮನೆಯಲ್ಲಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡಿತು. ನಾವು ನೋಡಿದಾಗ ಆ ಹೊನ್ನಿನ ಎದೆ ಬರಿದಾಗಿತ್ತು. ತಪ್ಪು ಹಕ್ಕಿಯದಲ್ಲ.

ಕ್ವೇಕರ್ ಅರ್ಜೆಂಟೀನ, ಉರುಗ್ವೆ ಸೀಮೆಗಳದು. ಗಿಳಿಗಳ ಕುಲದಲ್ಲಿ ಕಡ್ಡಿಗಳನ್ನು ಹೆಣೆದು ಗೂಡು ಕಟ್ಟುವುದು ಇದೊಂದೇ. ಹಲವು ಸಂಸಾರಗಳು ನಮ್ಮ ವಠಾರದಂತೆ ಒಂದೇ ಗೂಡಿನಲ್ಲಿ ಬೇರೆಬೇರೆ ಕೋಣೆ ಮಾಡಿಕೊಂಡು ಬಾಳುತ್ತವೆ. ಮೂರರಲ್ಲಿ ಮಾತು ಕಲಿಯುವುದರಲ್ಲಿ ಇದೇ ಮುಂದು. ಆದರೆ ಗೃಹಾಭಿಮಾನ ಹೆಚ್ಚು; ಪಂಜರದೊಳಗೆ ಕೈಯಿಟ್ಟರೆ ಯಜಮಾನನನ್ನೂ ಕಚ್ಚೀತು.

ಕೊನ್ಯೂರ್ ಮತ್ತು ಕ್ವೇಕರ್‌ಗಳನ್ನು 2024ರ ನಿಯಮಗಳ ಮೇರೆಗೆ ಸರ್ಕಾರದಲ್ಲಿ ನೋಂದಾಯಿಸಬೇಕು. ಕಾಕಟೀಲ್ ಆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಲ್ಲ.

ಯಾವುದನ್ನು ತಂದರೂ ಕೆಲವು ಎಚ್ಚರಿಕೆಗಳು ಸಮಾನ. ಬರಿಯ ಕಾಳಿನಿಂದ ಆರೋಗ್ಯ ನಿಲ್ಲದು. ಸೊಪ್ಪು ತರಕಾರಿಗಳು ಬೇಕು. ಬೆಣ್ಣೆಹಣ್ಣೂ ಚಾಕೊಲೇಟೂ ವಿಷ. ಅಂಟದ ಲೇಪವುಳ್ಳ ಬಾಣಲೆ ಅತಿಯಾಗಿ ಕಾದರೆ ಏಳುವ ಹೊಗೆ ಹಕ್ಕಿಯ ಪ್ರಾಣವನ್ನೇ ತೆಗೆಯುತ್ತದೆ. ಪಂಜರದ ಬಾಗಿಲು ತೆರೆಯುವ ಮುನ್ನ ಫ್ಯಾನನ್ನು ನಿಲ್ಲಿಸಬೇಕು, ಕಿಟಕಿಯನ್ನು ಮುಚ್ಚಬೇಕು. ರಾತ್ರಿ ಹತ್ತು ಗಂಟೆಯಷ್ಟು ಕತ್ತಲೆ ಮತ್ತು ಮೌನ ಅದಕ್ಕೆ ದೊರೆಯಬೇಕು.

ಇನ್ನು ಆಯ್ಕೆ. ಹೊಸದಾಗಿ ಸಾಕುವವರಿಗೆ, ಗೋಡೆಗೆ ಗೋಡೆ ಸೇರಿದ ಮನೆಯವರಿಗೆ ನಾವು ಕಾಕಟೀಲನ್ನು ಹೇಳುತ್ತೇವೆ. ದಿನವೂ ಕುಳಿತು ಮಾತನಾಡಿಸುವ ತಾಳ್ಮೆಯುಳ್ಳವರಿಗೆ ಕ್ವೇಕರ್. ಸುತ್ತ ತೋಟವಿದ್ದು, ಗದ್ದಲವನ್ನು ಮನೆಯವರೆಲ್ಲರೂ ಸಹಿಸುವುದಾದರೆ ಮಾತ್ರ ಕೊನ್ಯೂರ್. ಆದರೆ ಅಂಗಡಿಗೆ ಹೋಗುವ ಮೊದಲು ಎರಡು ಪ್ರಶ್ನೆಗಳನ್ನು ಮನೆಯಲ್ಲಿಯೇ ಕೇಳಿಕೊಳ್ಳಬೇಕು: ಮಧ್ಯಾಹ್ನದ ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಇಪ್ಪತ್ತು ವರ್ಷಗಳ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ? ಕಾಕಟೀಲಿನ ಆಯುಸ್ಸೇ ಹದಿನೈದು ಇಪ್ಪತ್ತು ವರ್ಷ. ಉಳಿದೆರಡು ಅದಕ್ಕೂ ಹೆಚ್ಚು ಬಾಳಬಲ್ಲವು. ಇಂದು ಹಟ ಹಿಡಿದ ಮಗು ಅಷ್ಟರಲ್ಲಿ ಉದ್ಯೋಗಕ್ಕಾಗಿ ಬೇರೆ ಊರು ಸೇರಿರುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ಪಂಜರವನ್ನು ಕೊಳ್ಳದಿರುವುದೇ ಮೇಲು. ಸಂಜೆ ಮಗುವಿನ ಕೈಹಿಡಿದು ಕಬ್ಬನ್ ಉದ್ಯಾನಕ್ಕೆ ಹೋದರೆ, ಗೂಡಿಗೆ ಮರಳುವ ಹಸಿರು ಗಿಳಿಗಳು ಕೂಗುತ್ತ ತಲೆಯ ಮೇಲೆಯೇ ಹಾರಿಹೋಗುವುದನ್ನು ಇಬ್ಬರೂ ನೋಡಬಹುದು.